ಹನ್ನೆರಡು ಪದಗಳ ಹೆಣ್ಣು ನೋಡುವ ಶಾಸ್ತ್ರ

ನನಗೆ ಪಂಡಿತರನ್ನು ಕಂಡರೆ ಮೊದಲಿಂದಲೂ ಮೈ ಉರಿ. ಈ ಮಾತನ್ನು ನನ್ನ ಹೆಂಡತಿಯ ಎದುರು ಹೇಳುವಂತಿಲ್ಲ. ಅವಳ ಅಪ್ಪ ಪಂಡಿತರು, ಅವಳೂ ಮುಕ್ಕಾಲು ಪಂಡಿತೆ. ಆದ್ದರಿಂದ ಬಾಯಲ್ಲಿ ಹೇಳದೆ ಬರೆದಿಡುತ್ತಿದ್ದೇನೆ. ಅವಳ ಕೈಗೆ ಸಿಕ್ಕರೆ ನಾಲ್ಕು ತಪ್ಪು ತಿದ್ದಿ ಇದ್ದಲ್ಲೇ ಇಡುತ್ತಾಳೆ, ಅಷ್ಟೆ.

ನಂಜನಗೂಡಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದ ಕಾಲ ಅದು. ನಾನು ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸ್ವಂತ ಊರು ಹದಿನಾರು. ನಮ್ಮದು ಲಿಂಗವಂತರ ಬೇಸಾಯದ ಮನೆ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ದೊಡ್ಡಪ್ಪನೇ ಮನೆಗೆ ಯಜಮಾನ. ಕಚೇರಿಯ ಕಾಗದಪತ್ರ ಹೊತ್ತು ಆಗಾಗ ತಿ. ನರಸೀಪುರಕ್ಕೆ ಹೋಗಿಬರುವುದು ನನ್ನ ಕೆಲಸದಲ್ಲೇ ಸೇರಿತ್ತು. ಅಲ್ಲಿನ ಅಮಲ್ದಾರರ ಕಚೇರಿಯ ಹಿಂದಿನ ಬೀದಿಯಲ್ಲಿ, ಒಂದು ಆಷಾಢದ ಮಧ್ಯಾಹ್ನ, ನನ್ನ ಹಣೆಬರಹ ಗಾಳಿಯಲ್ಲಿ ಹಾರಿಬಂದು ಮುಖಕ್ಕೆ ಅಂಟಿಕೊಂಡಿತು.

ಅಂಟಿಕೊಂಡದ್ದು ಅಂಗೈ ಅಗಲದ ಒಂದು ಚೀಟಿ. ತೆಗೆದು ನೋಡುವಷ್ಟರಲ್ಲಿ ಇನ್ನೂ ಇಪ್ಪತ್ತು ಮೂವತ್ತು ಚೀಟಿಗಳು ಬೀದಿಯ ತುಂಬ ಕುಣಿಯುತ್ತಿದ್ದವು. ಪಕ್ಕದ ಮನೆಯ ಜಗಲಿಯ ಮೇಲೆ ಯಾರೋ ಅವನ್ನು ಸಾಲಾಗಿ ಹರಡಿ, ಹಾರದಿರಲೆಂದು ಒಂದೊಂದರ ಮೇಲೂ ಒಂದೊಂದು ಹುಣಸೆ ಬೀಜ ಇಟ್ಟಿದ್ದರು. ಆಷಾಢದ ಗಾಳಿಗೆ ಹುಣಸೆ ಬೀಜ ಯಾವ ಲೆಕ್ಕ? ನಾನು ಪೇಟ ಕಂಕುಳಲ್ಲಿ ಇರುಕಿಕೊಂಡು ಚೀಟಿಗಳ ಹಿಂದೆ ಓಡಿದೆ. ಸಿಕ್ಕಷ್ಟನ್ನು ಆಯ್ದುಕೊಂಡು ಬಂದಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹುಡುಗಿ ಎಂದರೆ ಹತ್ತೊಂಬತ್ತು ಇಪ್ಪತ್ತರವಳು. ಬೆರಳ ತುದಿಯಲ್ಲಿ ಮಸಿ.

ನಾನು ಉಪಕಾರ ಮಾಡುವ ಉತ್ಸಾಹದಲ್ಲಿ, “ಇದರಲ್ಲಿ ‘ವಾಸ’ ಅಂತ ಎರಡು ಸಲ ಬರೆದುಬಿಟ್ಟಿದ್ದೀರಿ. ಒಂದನ್ನ ಹರಿದು ಹಾಕಲಾ?” ಎಂದೆ.

“ಅಯ್ಯೋ, ಹರೀಬೇಡಿ!” ಎಂದು ಅವಳು ಹೊಸ್ತಿಲು ದಾಟಿ ಬಂದೇಬಿಟ್ಟಳು. “ಅವೆರಡೂ ಒಂದೇ ಪದ ಅಲ್ಲ. ಒಂದು ವಾಸ ಅಂದ್ರೆ ಇರೋ ಜಾಗ. ಇನ್ನೊಂದು ಉಡೋ ಬಟ್ಟೆ. ಎರಡೂ ಸಂಸ್ಕೃತದಿಂದ ಬಂದಿರೋವೇ, ಆದರೆ ಹುಟ್ಟಿದ ಮನೆ ಬೇರೆ ಬೇರೆ. ಕನ್ನಡಕ್ಕೆ ಬಂದು ಅಕ್ಕಪಕ್ಕ ಕೂತ ಮೇಲೆ ಅವಳಿ ಜವಳಿ ಥರ ಕಾಣ್ತಾವೆ. ನಮ್ಮಪ್ಪ ಇಂಥಾವನ್ನೆಲ್ಲ ಸೇರಿಸಿ ಒಂದು ಕೋಶ ಮಾಡ್ತಾ ಇದಾರೆ. ಒಂದು ಅರ್ಥಕ್ಕೆ ಒಂದು ಚೀಟಿ.”

ಆಮೇಲೆ ಚೀಟಿಗಳನ್ನು ಎಣಿಸಿ, “ಒಂದು ಕಮ್ಮಿ ಇದೆ” ಎಂದಳು. ಇಬ್ಬರೂ ಬೀದಿಯತ್ತ ನೋಡಿದೆವು. ಎದುರು ಮನೆಯ ಆಡು ಕಣ್ಣು ಅರ್ಧ ಮುಚ್ಚಿ ಏನನ್ನೋ ಸಾವಧಾನವಾಗಿ ಅಗಿಯುತ್ತಿತ್ತು. ಉಳಿದ ಚೀಟಿಗಳನ್ನು ತಿರುವಿ ಹಾಕಿ ಅವಳು ಕಳೆದುಹೋದದ್ದು ಯಾವುದೆಂದು ಪತ್ತೆ ಮಾಡಿದಳು. ‘ಅಜ’ ಎಂಬುದಕ್ಕೆ ಎರಡು ಚೀಟಿಗಳಿದ್ದವಂತೆ. ಒಂದರಲ್ಲಿ ಅಜ ಎಂದರೆ ಹುಟ್ಟೇ ಇಲ್ಲದವನು, ದೇವರು. ಇನ್ನೊಂದರಲ್ಲಿ ಅಜ ಎಂದರೆ ಆಡು. ದೇವರು ಉಳಿದಿದ್ದ. ಆಡು ಆಡಿನ ಹೊಟ್ಟೆಗೆ ಹೋಗಿತ್ತು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದರೂ ತಡೆಯಲಾರದೆ ನಕ್ಕಳು. ನಾನು ಮದುವೆಯಾದರೆ ಇವಳನ್ನೇ ಎಂದು ಆ ಬೀದಿಯಲ್ಲೇ ತೀರ್ಮಾನ ಮಾಡಿದೆ. ಇದನ್ನು ಮುಚ್ಚಿಟ್ಟು ಹೇಳುವ ವಯಸ್ಸು ನನ್ನದಲ್ಲ.

ದೊಡ್ಡಪ್ಪನ ಕಿವಿಗೆ ವಿಷಯ ಹಾಕಿದೆ. ಅವನು ನರಸೀಪುರದ ಸಂತೆಗೆ ಹೋಗಿ ವಿಚಾರಿಸಿಕೊಂಡು ಬಂದು, ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡ.

“ಮನ್ತನ ಒಳ್ಳೇದು ಕಣ್ಲಾ. ಮಟಕ್ಕೆ ಬೇಕಾದೋರು. ನಮ್ಮೋರೆಯಾ. ಆದ್ರೆ ಆ ಮೇಷ್ಟ್ರು ಬಂದ ಗಂಡ್ಗೋಳ್ಗೆಲ್ಲ ಪರೀಕ್ಸೆ ಮಾಡ್ತಾನಂತೆ. ನಾಕ್ ಜನ ಓಗಿ ಪೇಲಾಗಿ ಬಂದವ್ರೆ.”

ಮೇಷ್ಟ್ರು ಸರ್ಕಾರಿ ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಒಬ್ಬಳೇ ಮಗಳು. ಹೆಣ್ಣು ಕೇಳಿ ಬಂದ ಗಂಡಿಗೆ ಹನ್ನೆರಡು ಪದ ಕೇಳುತ್ತಿದ್ದರು. ಪ್ರತಿಯೊಂದೂ ಚೀಟಿಯ ಪದ, ಸಂಸ್ಕೃತದಿಂದ ಬಂದ ಜೋಡಿ. ಎರಡೂ ಅರ್ಥ ಹೇಳಬೇಕು. ಎಂಟಕ್ಕೆ ಸರಿಯುತ್ತರ ಬಂದರೆ ಹುಡುಗಿಯನ್ನು ಹೊರಗೆ ಕರೆಯುತ್ತಾರೆ. ಇಲ್ಲದಿದ್ದರೆ ವಿಭೂತಿ ಕೊಟ್ಟು ಕಳಿಸುತ್ತಾರೆ. ತಲಕಾಡಿನ ಕಡೆಯ ಒಬ್ಬ ಸಾಹುಕಾರನ ಮಗನಿಗೆ ‘ಕಾಲ’ ಎಂದರೇನು ಎಂದು ಕೇಳಿದಾಗ ಅವನು ಎದೆಯುಬ್ಬಿಸಿ, “ಮೊದಲನೇದು ಬಲಗಾಲ, ಎರಡನೇದು ಎಡಗಾಲ” ಎಂದನಂತೆ. ಮಿಕ್ಕವರೂ ಅದೇ ಜಾತಿ. ಗೊತ್ತಿಲ್ಲದ್ದಕ್ಕೆಲ್ಲ ಧೈರ್ಯವಾಗಿ ಏನೋ ಒಂದು ಕಟ್ಟಿ ಹೇಳಿ ಬಂದಿದ್ದರು.

ಆ ಬೀದಿಯವರಿಗೆ ಮಾತ್ರ ಈ ಪರೀಕ್ಷೆಯ ಮೇಲೆ ತುಂಬ ಗೌರವ. ಕಾರಣವಿಷ್ಟೆ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಮಾತು ಕುದುರುವವರೆಗೆ ಆ ಮನೆಯಲ್ಲಿ ಊಟ ಮಾಡುವಂತಿಲ್ಲ. ಊಟ ಮಾಡಿದರೆ ಗಂಡಿನವರು ಒಪ್ಪಿದರು ಎಂದು ಅರ್ಥ. ಬಡಿಸಿದರೆ ಹೆಣ್ಣಿನವರು ಒಪ್ಪಿದರು ಎಂದು ಅರ್ಥ. ಅದು ತಾಂಬೂಲ ಬದಲಾಯಿಸಿದ್ದಕ್ಕಿಂತ ಗಟ್ಟಿ. ಹಾಗಾಗಿ ಹೆಣ್ಣಿನ ಮನೆಯವರು ಬೆಳಗ್ಗೆಯೇ ಒಬ್ಬಟ್ಟು ಮಾಡಿಟ್ಟು ಕಾಯುತ್ತಾರೆ. ಗಂಡು ಪರೀಕ್ಷೆಯಲ್ಲಿ ಬಿದ್ದರೆ ಒಬ್ಬಟ್ಟು ಬೀದಿಗೆಲ್ಲ ಹಂಚಿಹೋಗುತ್ತದೆ. ನಾಲ್ಕು ಗಂಡುಗಳು ಬಿದ್ದಿದ್ದರಿಂದ ಆ ಬೀದಿಯ ಮಕ್ಕಳೆಲ್ಲ ಗುಂಡುಗುಂಡಗಾಗಿದ್ದವು.

ಹುಡುಗಿಯ ತಾಯಿ ಮಾತ್ರ ಕೊರಗಿ ಕಡ್ಡಿಯಾಗಿದ್ದರಂತೆ. ಮಗಳ ಓರಗೆಯವರಿಗೆಲ್ಲ ಆಗಲೇ ಎರಡೆರಡು ಮಕ್ಕಳು.

ನಾನು ಮೂರು ವಾರ ಓದಿದೆ. ನಂಜನಗೂಡಿನ ಮಠದಲ್ಲಿದ್ದ ಒಬ್ಬ ಶಾಸ್ತ್ರಿಗಳ ಕಾಲು ಹಿಡಿದು ಇಂಥ ಪದಗಳ ಒಂದು ಪಟ್ಟಿ ಸಂಪಾದಿಸಿದೆ. ಕಚೇರಿಯಲ್ಲಿ ಖಾತೆ ನಕಲು ಮಾಡುತ್ತ, ಕಪಿಲೆಯಲ್ಲಿ ಮುಳುಗುತ್ತ, ಮುದ್ದೆ ನುಂಗುತ್ತ ಅದನ್ನೇ ಗುನುಗಿದೆ. ನನ್ನ ತುಟಿ ಸದಾ ಅಲ್ಲಾಡುವುದನ್ನು ಕಂಡು ನಮ್ಮ ಕಚೇರಿಯ ಅಮಲ್ದಾರರು, “ಏನಯ್ಯ, ನಂಜುಂಡನಿಗೆ ಜಪ ಹರಕೆ ಹೊತ್ತಿದ್ದೀಯಾ?” ಎಂದು ಕೇಳಿದರು. ಹೌದು ಸ್ವಾಮಿ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಹೊರಟ ದಿನ ಗಾಡಿಯಲ್ಲಿ ನಾನು ಮತ್ತು ದೊಡ್ಡಪ್ಪ ಇಬ್ಬರೇ. ಹೆಂಗಸರು ಆಮೇಲೆ ಬರಲಿ, ಮೊದಲು ಈ ಪರೀಕ್ಷೆಯ ಗಂಡಾಂತರ ಕಳೆಯಲಿ ಎಂದು ಅಮ್ಮ ಮನೆಯಲ್ಲೇ ಉಳಿದಿದ್ದಳು. ದಾರಿಯುದ್ದಕ್ಕೂ ದೊಡ್ಡಪ್ಪನದು ಒಂದೇ ಪಾಠ.

“ನೋಡ್ಲಾ ಮೊಗಾ, ಅವ್ರ್ ಮನೇಲಿ ಒಂದ್ ತೊಟ್ಟು ಮಜ್ಜಿಗೇನೂ ಬಾಯಿಗ್ ಬುಟ್ಕೋಬ್ಯಾಡ. ಉಂಡ್ಬುಟ್ಟು ಆಮೇಲೆ ಬ್ಯಾಡ ಅನ್ನಂಗಿಲ್ಲ. ಒಟ್ಟೆ ಅಸಿದ್ರೂ ಅಲ್ ಕಚ್ಕೊಂಡ್ ಕೂತ್ಕೋ.”

“ನೀನೋ?” ಎಂದೆ.

“ನಾನಾ? ನಂಗೇನ್ ಬಂದದೆ? ಅಸಿವಿಗೆ ಸೋಲೋ ಒಟ್ಟೆ ಅಲ್ಲ ಇದು” ಎಂದು ಹೊಟ್ಟೆಯ ಮೇಲೆ ತಟ್ಟಿಕೊಂಡ.

ಬಿಸಿಲೇರುವ ಹೊತ್ತಿಗೆ ತಲುಪಿದೆವು. ಬೀದಿಯ ಮಕ್ಕಳು ಗಾಡಿ ಕಂಡ ಕೂಡಲೇ ಖುಷಿಯಿಂದ ಮನೆಮನೆಗೆ ಓಡಿದರು. ಒಳಗೆ ಕಾಲಿಡುತ್ತಿದ್ದಂತೆ ಬೆಲ್ಲದ ಹೂರಣದ ವಾಸನೆ ಎದೆಯನ್ನೇ ಹಿಡಿದು ಅಲ್ಲಾಡಿಸಿತು. ಮೇಷ್ಟ್ರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಬೆಳ್ಳಗಿನ, ಎತ್ತರದ ಮನುಷ್ಯ. ನನ್ನನ್ನು ಎದುರಿಗೆ ಕೂರಿಸಿಕೊಂಡರು. ದೊಡ್ಡಪ್ಪ ಹೊರಗಿನ ಜಗಲಿಯಲ್ಲಿ ಕಿವಿ ನಿಮಿರಿಸಿಕೊಂಡು ಕೂತ.

ಪರೀಕ್ಷೆಯ ಕ್ರಮ ವಿಚಿತ್ರವಾಗಿತ್ತು. ಚೀಟಿಗಳು ಮೇಷ್ಟ್ರ ಕೈಯಲ್ಲಿರಲಿಲ್ಲ. ಅವರ ಬೆನ್ನ ಹಿಂದೆ ಒಳಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. “ಓದಮ್ಮ” ಎಂದರೆ ಒಳಗಿನಿಂದ ಹುಡುಗಿಯ ದನಿ ಪದವನ್ನು ಓದುತ್ತಿತ್ತು. ದೊಡ್ಡ ವಿದ್ವಾಂಸರು ಚೀಟಿ ಹಿಡಿದು ಓದುವುದು ಮರ್ಯಾದೆಗೆ ಕಮ್ಮಿ ಎಂದು ಹೀಗಿರಬೇಕು ಅಂದುಕೊಂಡು ನಾನು ಮನಸ್ಸಿನಲ್ಲೇ ಹಲ್ಲು ಕಡಿದೆ.

“ಅಜ” ಎಂದಿತು ದನಿ.

ನನಗೆ ಜೀವ ಬಂತು. “ಹುಟ್ಟಿಲ್ಲದವನು, ದೇವರು. ಮತ್ತೆ ಆಡು” ಎಂದು ಕೂಗಿಯೇ ಹೇಳಿದೆ. ಮೇಷ್ಟ್ರು ಹುಬ್ಬೇರಿಸಿದರು. “ಭೇಷ್” ಎಂದರು. ಜಗಲಿಯಿಂದ ದೊಡ್ಡಪ್ಪನೂ ಭೇಷ್ ಎಂದ.

ಭೇಷ್ ಅನ್ನಿಸಿಕೊಂಡದ್ದು ಅಲ್ಲಿಗೆ ಮುಗಿಯಿತು. ಎರಡನೆಯ ಪದ ‘ಮಾನ’. “ಮರ್ಯಾದೆ” ಎಂದೆ. “ಇನ್ನೊಂದು?” ಎಂದರು. ನನ್ನ ಮೂರು ವಾರದ ಪಟ್ಟಿಯಲ್ಲಿ ಅದು ಇತ್ತು. ಯಾವ ಸಾಲಿನಲ್ಲಿತ್ತು, ಆ ಸಾಲಿನ ಪಕ್ಕ ಎಣ್ಣೆಯ ಕಲೆ ಎಲ್ಲಿತ್ತು ಎಂಬುದೂ ಕಣ್ಣಿಗೆ ಕಟ್ಟಿತ್ತು. ‘ಅಳತೆ’ ಎಂಬ ಪದ ಮಾತ್ರ ಬಾಯಿಗೆ ಬರಲಿಲ್ಲ.

“ಗೊತ್ತಿಲ್ಲ” ಎಂದೆ.

ಅಲ್ಲಿಂದಾಚೆ ‘ಗೊತ್ತಿಲ್ಲ’ಗಳ ಮೆರವಣಿಗೆಯೇ ಹೊರಟಿತು. ‘ಕಾಲ’ಕ್ಕೆ ಹೊತ್ತು ಎಂದೆ, ಕಪ್ಪು ಎನ್ನುವುದು ಹೊಳೆಯಲಿಲ್ಲ. ‘ಅಕ್ಷ’ಕ್ಕೆ ಪಗಡೆಯ ದಾಳ ಎಂದೆ, ಗಾಡಿಯ ಅಚ್ಚು ಹೊಳೆಯಲಿಲ್ಲ. ಅದೇ ಅಚ್ಚಿನ ಮೇಲೆ ಐದು ಗಂಟೆ ಕೂತು ಸೊಂಟ ಮುರಿದುಕೊಂಡು ಬಂದಿದ್ದವನಿಗೆ ಅದೂ ಹೊಳೆಯಬಾರದೆ! ಇನ್ನು ಕೆಲವಕ್ಕೆ ಎರಡೂ ಅರ್ಥ ಹೊಳೆಯಲಿಲ್ಲ. ಸುಮ್ಮನೆ ಏನಾದರೂ ಕಟ್ಟಿ ಹೇಳೋಣವೆಂದು ಒಂದೆರಡು ಸಲ ಬಾಯಿ ತೆರೆದೆ. ಆದರೆ ಒಳಗೆ ಕೂತವಳಿಗೆ ಎಲ್ಲ ಗೊತ್ತು. ಅವಳ ಎದುರು ಸುಳ್ಳು ಪದ ಹೇಳಲು ನಾಚಿಕೆಯಾಯಿತು. ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಲೇ ಹೋದೆ. ಮೇಷ್ಟ್ರು ಒಂದೊಂದಕ್ಕೂ ಸರಿಯುತ್ತರ ಹೇಳಿ, ಅದು ಯಾವ ಧಾತುವಿನಿಂದ ಬಂತು, ಹೇಗೆ ಬಂತು ಎಂದು ವಿವರಿಸುತ್ತಿದ್ದರು. ಪಾಠ ಹೇಳುವ ಸುಖದಲ್ಲಿ ಅವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

ಸೂರ್ಯ ನೆತ್ತಿಗೆ ಬಂದ. ಜಗಲಿಯಲ್ಲಿ ದೊಡ್ಡಪ್ಪ ಎದ್ದು ಹಿತ್ತಲ ಕಡೆ ಹೋದದ್ದು ಕಂಡಿತು. ನಡು ಮಧ್ಯಾಹ್ನಕ್ಕೆ ಅವನದು ಲಿಂಗಪೂಜೆಯ ಹೊತ್ತು. ಮಳೆ ಬರಲಿ, ಸಾವಾಗಲಿ, ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಬಾವಿಯಲ್ಲಿ ನೀರು ಸೇದುವ ಸದ್ದು ಕೇಳಿತು. ನನ್ನ ಗಮನ ಹತ್ತನೆಯ ಪದದ ಮೇಲಿತ್ತು. ಅದಕ್ಕೂ ಗೊತ್ತಿಲ್ಲ ಎಂದೆ.

“ಮುಂದಿನದು ಓದಮ್ಮ” ಎಂದರು ಮೇಷ್ಟ್ರು.

ಒಳಗಿನಿಂದ ದನಿ ಇಲ್ಲ. ಮೇಷ್ಟ್ರು ಕಾದರು. ಮತ್ತೆ ಕರೆದರು. ನಾನು ಗೋಡೆ ನೋಡಿದೆ, ಅವರು ಸೂರು ನೋಡಿದರು. ಮೂರನೆಯ ಸಲ ಗದರಿಸಿ ಕರೆದಾಗ ಬಳೆಯ ಸದ್ದು ಓಡಿಬಂತು. ಏದುಸಿರಿನಲ್ಲೇ ದನಿ ಹನ್ನೊಂದನೆಯದನ್ನು ಓದಿತು. ಅದೂ ಹೋಯಿತು. ಹನ್ನೆರಡನೆಯದು ‘ವಾಸ’. ಅದನ್ನು ಅವಳೇ ಅಂದು ಬೀದಿಯಲ್ಲಿ ಹೇಳಿಕೊಟ್ಟಿದ್ದಳಲ್ಲ. ಎರಡೂ ಹೇಳಿದೆ.

“ಹನ್ನೆರಡಕ್ಕೆ ಎರಡು” ಎಂದರು ಮೇಷ್ಟ್ರು. ದನಿಯಲ್ಲಿ ಕೋಪವಿರಲಿಲ್ಲ. “ನೀವು ಮರ್ಯಾದಸ್ಥರ ಮನೆಯ ಹುಡುಗರು. ಆದರೆ ಈ ಸಂಬಂಧ ಕೂಡಿಬರುವ ಹಾಗೆ ಕಾಣುವುದಿಲ್ಲ. ವಿಭೂತಿ ತಗೊಂಡು ಹೊರಡಿ.”

ನನಗೆ ಅಳು ಬರುವಂತಾಯಿತು. ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಕಚೇರಿಯಲ್ಲಿ ನಾಲ್ಕು ಜನರೆದುರು ಬೈಸಿಕೊಂಡರೂ ಅಲ್ಲಾಡದವನು ನಾನು. ಆ ಚಾಪೆಯ ಮೇಲಿಂದ ಏಳಲಾರದೆ ಕೂತೆ.

ಅಷ್ಟರಲ್ಲಿ ಹಿತ್ತಲಿನಿಂದ ಒಂದು ತೇಗು ಕೇಳಿಸಿತು. ಸಣ್ಣಪುಟ್ಟ ತೇಗಲ್ಲ. ಹಬ್ಬದ ದಿನದ, ತುಪ್ಪದ ತೇಗು. ಅದರ ಹಿಂದೆಯೇ “ಶಿವ ಶಿವಾ” ಎಂಬ ತೃಪ್ತಿಯ ಉದ್ಗಾರ.

ಮೇಷ್ಟ್ರು ಗೋಡೆ ಹಿಡಿದು ಎದ್ದರು. ನಾನು ಅವರ ಹಿಂದೆ ಓಡಿದೆ. ಹಿತ್ತಲ ಜಗಲಿಯ ಮೇಲೆ ದೊಡ್ಡಪ್ಪ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕಂಚಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅದನ್ನು ತೊಳೆದ ನೀರನ್ನು ಕುಡಿಯುತ್ತಿದ್ದ. ನನ್ನನ್ನು ಕಂಡೊಡನೆ ಅವನ ಮುಖ ಬಿಳುಚಿಕೊಂಡಿತು. ಏನು ಮಾಡಿಬಿಟ್ಟೆನೆಂಬುದು ಅವನಿಗೆ ಆಗಲೇ ಹೊಳೆದದ್ದು.

“ಊಟ ಮಾಡಿದಿರಾ?” ಎಂದರು ಮೇಷ್ಟ್ರು.

“ಊಟ ಎಲ್ ಮಾಡ್ದೆ ಸೋಮಿ? ಪೂಜೆ ಮಾಡ್ದೆ. ಕಣ್ ಬುಟ್ ನೋಡಿದ್ರೆ ಮುಂದ್ಗಡೆ ತಟ್ಟೆ ಇತ್ತು. ದಿನಾ ನಮ್ಮನೇಲೂ ಅಂಗೇ ಇಕ್ತಾರೆ. ಅಬ್ಯಾಸ. ಲಿಂಗಕ್ಕೆ ತೋರ್ಸ್ಬುಟ್ಟೆ. ತೋರ್ಸುದ್ಮ್ಯಾಲೆ ಪರಸಾದ ಆಯ್ತಲ್ಲ, ಬುಡಕಾಯ್ತದಾ?”

“ಪೂರ್ತಿ ತೆಗೆದುಕೊಂಡಿರೋ, ಏನಾದರೂ ಬಿಟ್ಟಿರೋ?”

“ಪರಸಾದ ಬುಡೋದುಂಟಾ! ತಟ್ಟೆ ತೊಳ್ದು ಕುಡ್ದಿವ್ನಿ.”

“ಎಷ್ಟು ಒಬ್ಬಟ್ಟು?”

“ಆರು” ಎಂದ ದೊಡ್ಡಪ್ಪ ತಲೆ ತಗ್ಗಿಸಿ. “ಕೇಳ್ದೆ ಇದ್ರೂ ಇಕ್ಕುದ್ರು.”

ಮೇಷ್ಟ್ರು ಕೇಳಿದ ಒಂದೊಂದು ಪ್ರಶ್ನೆಗೂ ಹೀಗೆ ತಡವರಿಸದೆ ಉತ್ತರ ಕೊಟ್ಟವನು ಆ ಮನೆಯ ಚರಿತ್ರೆಯಲ್ಲಿ ದೊಡ್ಡಪ್ಪನೊಬ್ಬನೇ. ಮೇಷ್ಟ್ರು ನಿಯಮದ ಮನುಷ್ಯ. ಗಂಡಿನ ಕಡೆಯ ಯಜಮಾನ ಲಿಂಗಕ್ಕೆ ಅರ್ಪಿಸಿ ಉಂಡಿದ್ದಾನೆ, ಎಂದರೆ ಆ ಕಡೆಯ ಒಪ್ಪಿಗೆ ಆಗಿಹೋಯಿತು. ಇನ್ನು ಉಳಿದದ್ದು ಈ ಕಡೆಯದು.

“ಇವರಿಗೆ ಬಡಿಸಿದ್ದು ಯಾರು?” ಎಂದು ಅಡುಗೆಮನೆಯ ಕಡೆ ತಿರುಗಿ ಕೇಳಿದರು.

ಹುಡುಗಿಯ ತಾಯಿ ಸೌಟು ಹಿಡಿದು ಬಂದು, “ನಾನು ಒಲೆ ಮುಂದೆ ಇದ್ದೆ. ನನಗೆ ಗೊತ್ತಿಲ್ಲ” ಎಂದರು. ಅವರ ಮುಖದಲ್ಲಿ ಮಾತ್ರ ಅಷ್ಟು ದಿನದ ಕೊರಗು ಹುಡುಕಿದರೂ ಸಿಗುವಂತಿರಲಿಲ್ಲ.

“ನಾನು ಬಡಿಸಿದೆ ಅಪ್ಪ” ಎಂದಳು ಮಗಳು. ಚೀಟಿಯ ಕಟ್ಟು ಇನ್ನೂ ಕೈಯಲ್ಲೇ ಇತ್ತು.

“ನೀನು ಪದ ಓದುತ್ತ ಇದ್ದೆಯಲ್ಲ!”

“ಹತ್ತನೇದಕ್ಕೂ ಹನ್ನೊಂದನೇದಕ್ಕೂ ಮಧ್ಯೆ ಬಡಿಸಿದೆ.”

“ಮರೆತು ಬಡಿಸಿದೆಯಾ?”

“ಇಲ್ಲ. ಗೊತ್ತಿದ್ದೇ ಬಡಿಸಿದೆ.”

ಮೇಷ್ಟ್ರು, “ಅವನಿಗೆ ಏನೂ ಗೊತ್ತಿಲ್ಲವಲ್ಲಮ್ಮ” ಎಂದರು. ಅದು ಬೈಗುಳವಾಗಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ ಹಾಗಿತ್ತು.

“ಗೊತ್ತಿಲ್ಲ ಅಂತ ಅವರೇ ಹೇಳಿದ್ರಲ್ಲ ಅಪ್ಪ, ಹತ್ತು ಪದಕ್ಕೂ ಹೇಳಿದ್ರು. ಇಷ್ಟು ದಿನ ಬಂದೋರು ಯಾರು ಆ ಒಂದು ಮಾತು ಹೇಳಿದ್ರು? ಎಲ್ಲಾರೂ ನಿಮ್ಮನ್ನ ಏಮಾರಿಸೋಕೆ ನೋಡಿದ್ರು. ನನ್ನನ್ನೂ ನಾಳೆ ಹಂಗೇ ಏಮಾರಿಸ್ತಾರೆ.”

ಮೇಷ್ಟ್ರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ನಾವೆಲ್ಲ ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆವು. ಅವರು ಮಗಳ ಕಡೆ ಕೈ ಚಾಚಿ, ಚೀಟಿಯ ಕಟ್ಟನ್ನು ತಡವಿ ಹುಡುಕಿ, ಅದರ ಮೇಲೆ ಬೆರಳಾಡಿಸಿದರು.

“ಇನ್ನು ಇವನ್ನ ಯಾರು ಓದಿ ಹೇಳುತ್ತಾರೆ ನನಗೆ? ಬರೆಯೋರು ಯಾರು?” ಎಂದರು. ದನಿ ತೀರ ಸಣ್ಣಗಾಗಿತ್ತು.

ಆಗ ನನಗೆ ಅರ್ಥವಾಯಿತು. ಅವರ ಎರಡೂ ಕಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತು. ಮುಖಗಳು ನೆರಳಿನಂತೆ ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಅದು ಮನೆಯಿಂದಾಚೆ ಯಾರಿಗೂ ತಿಳಿಯದಂತೆ ಮಗಳು ಓದಿದಳು, ಮಗಳು ಬರೆದಳು. ಬಂದ ಗಂಡುಗಳನ್ನೆಲ್ಲ ಈ ಮನುಷ್ಯ ಬೀಳಿಸಿದ್ದು ಪಾಂಡಿತ್ಯದ ಗರ್ವಕ್ಕಲ್ಲ. ಅವಳು ಹೋದ ಮರುದಿನದ ಭಯಕ್ಕೆ. ನಾನು ಬೆಳಗ್ಗಿನಿಂದ ಮನಸ್ಸಿನಲ್ಲಿ ಅವರಿಗೆ ಹಾಕಿದ್ದ ಶಾಪಗಳನ್ನೆಲ್ಲ ನೆನೆದು ತಲೆ ಎತ್ತಲಾಗಲಿಲ್ಲ.

ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಕಲ್ಲಿನಂತೆ ನಿಂತಿದ್ದಳು. ಅಪ್ಪ ಒಂದು ಮಾತು ‘ಬೇಡ’ ಅಂದಿದ್ದರೆ ಅವಳು ಒಳಗೆ ಹೋಗಿ ಬಾಗಿಲ ಹಿಂದೆ ಮತ್ತೆ ಕೂತುಬಿಡುತ್ತಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

“ಶನಿವಾರ ಕಚೇರಿ ಮುಗಿಸಿ ಇಬ್ಬರೂ ಬರ್ತೀವಿ” ಎಂದೆ. ಯಾರು ನನ್ನ ಬಾಯಲ್ಲಿ ಅದನ್ನು ಹೇಳಿಸಿದರೋ ತಿಳಿಯದು. “ಭಾನುವಾರವೆಲ್ಲ ಇದ್ದು ಹೋಗ್ತೀವಿ. ಅವರು ಓದಲಿ, ನೀವು ಹೇಳಿ, ನಾನು ಬರೀತೀನಿ.”

“ನಿನಗೆ ಪದಗಳೇ ಗೊತ್ತಿಲ್ಲವಲ್ಲ.”

“ನೀವು ಹೇಳಿದ್ದನ್ನ ಬರೆಯೋಕೆ ಅಕ್ಷರ ಗೊತ್ತಿದ್ದರೆ ಸಾಲದೇ?”

“ಎಲ್ಲಾ ಶನಿವಾರ?”

“ಎಲ್ಲಾ ಶನಿವಾರ.”

“ಗಾಡಿ ನಮ್ದದೆ ಸೋಮಿ, ಎತ್ತೂ ಅವೆ” ಎಂದ ದೊಡ್ಡಪ್ಪ. ತಟ್ಟೆಯನ್ನು ಇನ್ನೂ ಎದೆಗೆ ಅವಚಿಕೊಂಡೇ ಇದ್ದ.

ಮೇಷ್ಟ್ರು ನನ್ನ ಕಡೆ ಮುಖ ಮಾಡಿ ಬಹಳ ಹೊತ್ತು ನೋಡಿದರು. ಏನು ಕಂಡಿತೋ, ಎಷ್ಟು ಕಂಡಿತೋ. ಆಮೇಲೆ ಎದ್ದು ನಿಂತು ಮಗಳಿಗೆ, “ಅವನಿಗೂ ಬಡಿಸಮ್ಮ” ಎಂದರು. “ನನಗೂ ಅಲ್ಲೇ ಹಾಕು.”

ಪಡಸಾಲೆಯಲ್ಲಿ ಎರಡು ತಟ್ಟೆ ಹಾಕಿದರು. ಅಕ್ಕಪಕ್ಕ ಕೂತೆವು. ಅವಳು ಬಾಗಿ ಒಬ್ಬಟ್ಟು ಇಟ್ಟು, ಮೇಲೆ ತುಪ್ಪ ಸುರಿದು ಒಳಗೆ ಹೋದಳು. ಹಸಿವು ಅಷ್ಟಿದ್ದರೂ ನನಗೆ ಕೂಡಲೇ ಕೈ ಹಾಕಲಾಗಲಿಲ್ಲ. ಪಕ್ಕದಲ್ಲಿ ಅವರ ಕೈ ನೆಲದ ಮೇಲೆ ತಟ್ಟೆಯನ್ನು ಹುಡುಕುತ್ತಿತ್ತು. ನಾನು ಅದನ್ನು ಸದ್ದಾಗದಂತೆ ಅವರ ಕೈಯ ಹತ್ತಿರಕ್ಕೆ ಸರಿಸಿದೆ.